ಕರೆಂಟ್ ದಾರ ಹಿಡಿದು ಕೊಯಮತ್ತೂರು ದೇಶಕ್ಕೆ

ದಾವಣಗೆರೆ, ಹೊರಡುವ ಮುಂಚೆ

ವಿದೇಶಕ್ಕೆ ಹೋಗಿ ಬಂದವರು ಮೊದಲು ವೀಸಾದ ಕಷ್ಟ ಬರೆಯುತ್ತಾರೆ. ನನಗೆ ಆ ಭಾಗ್ಯ ಸಿಗಲಿಲ್ಲ. ನಾನು ಹೋದದ್ದು ಕೊಯಮತ್ತೂರಿಗೆ. ಅದು ವಿದೇಶ ಎಂದು ತೀರ್ಮಾನ ಮಾಡಿದ್ದು ನಮ್ಮಮ್ಮ. ಬಸ್ಸಿನ ಬೋರ್ಡು ಓದಲು ಬರದ ಊರೆಲ್ಲ ಅಮ್ಮನ ಪ್ರಕಾರ ವಿದೇಶ. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟು, "ಅಲ್ಲಿ ಯಾರಿಗೂ ನಿನ್ನ ದಾರದ ಪುರಾಣ ಹೇಳ್ಬ್ಯಾಡಪ್ಪ, ಜನ ಬ್ಯಾಸರ ಮಾಡ್ಕೊಂತಾರೆ" ಎಂದರು. ಇಡೀ ಪ್ರವಾಸಕ್ಕೆ ಸಿಕ್ಕ ಬುದ್ಧಿಮಾತು ಅದೊಂದೇ. ಅದನ್ನು ಬಸ್ ಹೊರಡುವ ಮೊದಲೇ ಮುರಿದೆ, ಪಕ್ಕದ ಸೀಟಿನವರ ಹತ್ತಿರ.

ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಕೊಯಮತ್ತೂರು ದಕ್ಷಿಣ ಭಾರತದ ಮ್ಯಾಂಚೆಸ್ಟರ್. ಅಂದರೆ ನಾನು ಹೊರಟದ್ದು ಮ್ಯಾಂಚೆಸ್ಟರಿನಿಂದ ಮ್ಯಾಂಚೆಸ್ಟರಿಗೆ. ನಿಜವಾದ ಮ್ಯಾಂಚೆಸ್ಟರಿನವರು ತಮ್ಮದನ್ನು ಇಂಗ್ಲೆಂಡಿನ ದಾವಣಗೆರೆ ಅಂತ ಕರೆದುಕೊಳ್ಳುತ್ತಾರೋ ಇಲ್ಲವೋ, ಯಾರಾದರೂ ಹೋದಾಗ ವಿಚಾರಿಸಬೇಕು.

ನಾನು ಇದ್ದದ್ದು ಮಾವನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ. ಸುಟ್ಟುಹೋದ ಬೋರ್‌ವೆಲ್ ಮೋಟರಿನಿಂದ ತಾಮ್ರದ ತಂತಿ ಬಿಚ್ಚುವುದು, ಹೊಸದು ಸುತ್ತುವುದು. ದಿನವಿಡೀ ತಂತಿ ಸುತ್ತುವವನ ತಲೆಗೆ ಒಂದು ದಿನ ಹುಳ ಹೊಕ್ಕಿತು: ತಂತಿಯ ಬದಲು ದಾರದಲ್ಲೇ ಕರೆಂಟ್ ಹರಿದರೆ? ಫೋನಿನಲ್ಲಿ ಹುಡುಕಿದೆ. ಹರಿಯುತ್ತದಂತೆ! ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲವನ್ನೇ ಹಾಳೆ ಮಾಡಿ, ಆ ಹಾಳೆಯನ್ನು ಕೊಳವೆಯಾಗಿ ಸುತ್ತಿದಂತೆ ಇರುವ ಒಂದು ವಸ್ತುವಿದೆ, ಕಾರ್ಬನ್ ನ್ಯಾನೋಟ್ಯೂಬ್. ಕೂದಲಿನ ಮುಂದೆ ಇಟ್ಟರೆ ಕೂದಲು ತೆಂಗಿನಮರ, ಇದು ಅದರ ಮೇಲಿನ ಇರುವೆಯ ಕಾಲು. ಕರೆಂಟ್ ಚೆನ್ನಾಗಿ ಹರಿಯುತ್ತದೆ, ಆದರೆ ಅದು ಬರೀ ಕರಿ ಪುಡಿ. ಪುಡಿಯನ್ನು ಹಿಡಿದು ದಾರವಾಗಿ ನಿಲ್ಲಿಸಲು ಅಂಟಿನಂಥ ಒಂದು ಪಾಲಿಮರ್ ಬೇಕು. ನಾನು ಆರಿಸಿದ್ದು ಪಾಲಿವಿನೈಲ್ ಆಲ್ಕೊಹಾಲ್, ಚಿಕ್ಕದಾಗಿ ಪಿವಿಎ. ಡಬ್ಬದ ಮೇಲಿನ ಕೊನೆಯ ಪದ ಓದಿ ಅಮ್ಮ ಎರಡು ದಿನ ನನ್ನ ಬಾಯಿ ಮೂಸಿ ನೋಡಿದರು.

ಕನ್ನಡಕದಂಗಡಿಯ ಗೆಳೆಯನ ಹತ್ತಿರ ಕನ್ನಡಕವನ್ನು ನಡುಗಿಸಿ ತೊಳೆಯುವ ಪುಟ್ಟ ಯಂತ್ರವಿತ್ತು. ಅದರಲ್ಲಿ ಪುಡಿಯನ್ನು ಸೋಪುನೀರಿಗೆ ಕಲಸಿ ಮಸಿ ಮಾಡಿಕೊಂಡೆ. ಆ ಮಸಿಯನ್ನು ಸಿರಿಂಜಿನಿಂದ, ನಿಧಾನಕ್ಕೆ ತಿರುಗುವ ಪಿವಿಎ ದ್ರಾವಣಕ್ಕೆ ಬಿಟ್ಟರೆ ಅದು ಅಲ್ಲೇ ಹೆಪ್ಪುಗಟ್ಟಿ ಕರಿ ಎಳೆಯಾಗುತ್ತದೆ. ತಿರುಗುವ ಪಾತ್ರೆ ಎಲ್ಲಿಂದ ತರುವುದು? ನಮ್ಮ ಮನೆಯ ಗ್ರೈಂಡರ್. ಅದರ ತಳದಲ್ಲಿ ಅಚ್ಚಾಗಿದ್ದ ಊರಿನ ಹೆಸರು ಕೊಯಮತ್ತೂರು. ಕಲ್ಲು ತೆಗೆದು, ಮೂಗಿಗೆ ಮಾಸ್ಕ್ ಕಟ್ಟಿ, ಶುರು ಮಾಡಿದೆ. ಮೊದಲು ಬಂದದ್ದು ಎಳೆಯಲ್ಲ, ಗೊಣ್ಣೆ. ಆಮೇಲೆ ಗೇಣುದ್ದ ಬಂತು. ಒಂದು ಮಾರು ಬಂದ ದಿನ ಮನೆಯಲ್ಲಿ ನಾನೊಬ್ಬನೇ ಹಬ್ಬ ಮಾಡಿದೆ. ಉಳಿದವರು ದೋಸೆ ಇಲ್ಲದೆ ಉಪ್ಪಿಟ್ಟು ತಿನ್ನುತ್ತಿದ್ದರು.

ಆ ದಾರಕ್ಕೆ ಗುಂಡಿ ಸೆಲ್ಲು, ಕೆಂಪು ದೀಪ ಜೋಡಿಸಿ ವಿಡಿಯೋ ಹಾಕಿದೆ. ನೋಡಿದವರು ಕಡಿಮೆ. ಆದರೆ ನೋಡಿದ ಒಬ್ಬರು ಫೋನ್ ಮಾಡಿದರು. ತಿರುಪ್ಪೂರಿನ ಪಳನಿಯಮ್ಮ. ಅಲ್ಲಿ ಅವರದೊಂದು ಬನಿಯನ್ ಕಂಪನಿ ಇದೆ. ತಲೆಮಾರುಗಳ ಹಿಂದೆ ಅಲ್ಲಿ ನೆಲೆಸಿದ ಕನ್ನಡದ ಬೇಸಾಯಗಾರರ ಮನೆಯವರಂತೆ. ಎದೆಬಡಿತ ಅಳೆಯುವ ಬನಿಯನ್ ಬೇಕೆಂದು ಹೊರದೇಶದವರು ಕೇಳುತ್ತಿದ್ದಾರೆ, ಅದಕ್ಕೆ ಕರೆಂಟ್ ಹರಿಯುವ ನೂಲು ಬೇಕು, ಬೆಳ್ಳಿ ಲೇಪಿಸಿದ ನೂಲು ಹೊರಗಿನಿಂದ ತರಿಸಿ ಸಾಕಾಗಿದೆ ಎಂದರು. ಮಾತುಮಾತಿಗೆ ನನ್ನನ್ನು ಕಣ್ಣು ಎನ್ನುತ್ತಿದ್ದರು, ಆ ಕಡೆ ಅದು ಮಗು ಎಂದ ಹಾಗೆ.

"ನೂಲು ಯಾರು ಬೇಕಾದ್ರೂ ತೋರಿಸ್ತಾರೆ ಕಣ್ಣು. ಬಟ್ಟೇಲಿ ನೇಯ್ದು ತಾ. ಬಟ್ಟೇಲಿ ದೀಪ ಉರಿದ್ರೆ ನಮ್ಮ ಸ್ಯಾಂಪಲ್ ರೂಮಿನ ನೂಲು ತೆಗೆಯೋ ಮಿಷಿನ್ ನಿಂಗೆ ಬಿಟ್ಟುಕೊಡ್ತೀನಿ. ಗುರುವಾರ ಬಾ."

ಮಾವನೂ ಮಾತು ಕೊಟ್ಟರು: "ಗುರುವಾರದೊಳಗೆ ಉರೀತಾ, ಅಲ್ಲೇ ಇರು. ಉರೀಲಿಲ್ಲಾ, ಶುಕ್ರವಾರ ಬಂದು ಮೋಟರ್ ಬಿಚ್ಚು. ಇನ್ಮ್ಯಾಲೆ ಅಂಗಡ್ಯಾಗೆ ಈ ಕರಿ ದಾರದ ಸುದ್ದಿ ಎತ್ತಂಗಿಲ್ಲ."

ಹೀಗೆ ನನ್ನ ಜೀವಮಾನದ ಕೆಲಸವೆಲ್ಲ ಒಂದು ಊಟದ ಡಬ್ಬಿಯಲ್ಲಿ ಉಂಡೆಯಾಗಿ ಕೂತು ಹೊರಟಿತು.

ಸಿಂಗಾನಲ್ಲೂರು

ಬೆಳಿಗ್ಗೆ ಸಿಂಗಾನಲ್ಲೂರಿನ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಒಬ್ಬರ ಕಾಲು ತುಳಿದೆ. ನಮ್ಮೂರಲ್ಲಾಗಿದ್ದರೆ "ಕಣ್ಣು ಕಾಣ್ಸಂಗಿಲ್ಲೇನ್ಲೇ?" ಎಂಬಲ್ಲಿಂದ ಶುರುವಾಗಿ ನಮ್ಮ ಅಜ್ಜನವರೆಗೆ ಹೋಗುತ್ತಿತ್ತು. ಆತ ನನ್ನನ್ನು ನೋಡಿ, "ಕಣ್ಣು ತೆರಿಯಲೈಂಗಳಾ?" ಎಂದರು. ಅದೂ ಅದೇ ಬೈಗುಳ, ಆದರೆ ಕೊನೆಗೆ ಮರ್ಯಾದೆಯ ಬಾಲ ಅಂಟಿಸಿದ್ದರು. ಈ ದೇಶದಲ್ಲಿ ಎಲ್ಲ ಮಾತಿಗೂ ಆ ಬಾಲ ಇದೆ. ಕಂಡಕ್ಟರ್ ಚಿಲ್ಲರೆ ಇಲ್ಲ ಎನ್ನುವಾಗಲೂ ಮರ್ಯಾದೆಯಿಂದಲೇ ಇಲ್ಲ ಎನ್ನುತ್ತಾರೆ. ಇಷ್ಟು ಗೌರವ ಅಭ್ಯಾಸವಿಲ್ಲದ ನಾನು ಪ್ರತಿ ಸಲ ಹಿಂದೆ ತಿರುಗಿ, ಯಾರಿಗೋ ದೊಡ್ಡವರಿಗೆ ಹೇಳುತ್ತಿದ್ದಾರೆ ಎಂದು ನೋಡುತ್ತಿದ್ದೆ.

ಟೀ ಕುಡಿಯುತ್ತ, ದಾರ ಕ್ಷೇಮವಾಗಿದೆಯೇ ಎಂದು ಡಬ್ಬಿ ತೆಗೆದೆ. ಪಕ್ಕದಲ್ಲಿ ಹೂವಿನ ಗಾಡಿಯ ಅಜ್ಜಿ ಬಗ್ಗಿ ನೋಡಿದರು.

"ತಿರುಷ್ಟಿ ಕಯಿರುಂಗಳಾ, ತಂಬಿ?"

ದೃಷ್ಟಿ ದಾರವಾ ಎಂದು ಕೇಳಿದ್ದು. ಕಾಲಿಗೆ, ಗಾಡಿಗೆ ಕಟ್ಟುವ ಕರಿ ದಾರ. ನಾನು ಕೈ ಬಾಯಿ ಎಲ್ಲ ಬಳಸಿ ಅಲ್ಲ ಎಂದೆ. ಕರೆಂಟ್ ಎಂದೆ. ಕಾರ್ಬನ್ ಎಂದೆ. ನನ್ನ ತಮಿಳು ಎಂದರೆ ಕನ್ನಡವನ್ನೇ ಮೂಗಿನಲ್ಲಿ ಆಡುವುದು. ಅವರಿಗೆ ಕರೆಂಟ್ ಎಂಬುದು ಮಾತ್ರ ಅರ್ಥವಾಯಿತು. "ಕರೆಂಟಾ! ಅಪ್ಪೋ ಪವರ್ ಜಾಸ್ತಿ" ಎಂದು ಖುಷಿಯಾಗಿ ಒಂದು ತುಂಡು ಕೇಳಿದರು. ಬೋಣಿಗೆಯ ಹೊತ್ತಲ್ಲಿ ಇಲ್ಲ ಎನ್ನಲಾಗಲಿಲ್ಲ. ಗೇಣುದ್ದ ಕೊಟ್ಟೆ. ಗಾಡಿಯ ಹಿಡಿಗೆ, ನಿಂಬೆಹಣ್ಣಿನ ಪಕ್ಕ ಕಟ್ಟಿದರು. ನ್ಯಾನೋಟ್ಯೂಬಿನ ದೃಷ್ಟಿ ದಾರ ಜಗತ್ತಿನಲ್ಲಿ ಅದೊಂದೇ ಇರಬೇಕು. ಬದಲಿಗೆ ಒಂದು ಮೊಳ ಮಲ್ಲಿಗೆ ಕೊಟ್ಟರು. ಇಡೀ ದಿನ ನಾನು ಕೈಯಲ್ಲಿ ಮಲ್ಲಿಗೆ ಹಿಡಿದುಕೊಂಡು ಓಡಾಡಿದೆ, ಎಸೆಯಲು ಮನಸ್ಸು ಬರದೆ.

ಕರುಮತ್ತಂಪಟ್ಟಿ

ನನ್ನ ವಿಡಿಯೋದ ಕೆಳಗೆ ಯಾರೋ ತಮಿಳು ಅಕ್ಷರದಲ್ಲಿ ಒಂದು ಸಾಲು ಬರೆದಿದ್ದರು. ಫೋನಿಗೆ ಅನುವಾದಿಸು ಎಂದರೆ ಅದು ಕೈಚೆಲ್ಲಿತು. ನಮ್ಮ ಬೀದಿಯ ಇಸ್ತ್ರಿಯವನಿಗೆ ತಮಿಳು ಓದಲು ಬರುತ್ತದೆ. ಅವನ ಹತ್ತಿರ ಜೋರಾಗಿ ಓದಿಸಿದರೆ, ಅರೆ, ಕನ್ನಡ! "ತಮ್ಮಾ, ನೂಲು ಚೆನ್ನಾಗದೆ, ತರೀಲಿ ನಿಲ್ಲುತ್ತಾ?" ತರಿ ಎಂದರೆ ಮಗ್ಗ. ಬರೆದವರು ಕರುಮತ್ತಂಪಟ್ಟಿಯ ಮುರುಗೇಶಣ್ಣ. ಪವರ್‌ಲೂಮ್ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಕನ್ನಡ, ಹೊರಗೆಲ್ಲ ತಮಿಳು. ಕನ್ನಡ ಅಕ್ಷರ ಅವರ ಮನೆಯಲ್ಲಿ ಯಾರಿಗೂ ಬಾರದು. ನನಗೆ ತಮಿಳು ಅಕ್ಷರ ಬಾರದು. ಹೀಗಾಗಿ ನಮ್ಮ ಸ್ನೇಹವೆಲ್ಲ ವಾಯ್ಸ್ ಮೆಸೇಜಿನಲ್ಲೇ ಬೆಳೆದದ್ದು.

ಅವರ ಶೆಡ್ಡಿನಲ್ಲಿ ಮಾತು ಎಂಬ ವಸ್ತು ಇಲ್ಲ. ಮಗ್ಗಗಳ ಸದ್ದಿಗೆ ಹಲ್ಲು ಅಲುಗುತ್ತದೆ. ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಎರಡು ಬೆರಳು ತುಟಿಗಿಟ್ಟರೆ ಟೀ, ಹಣೆ ಮುಟ್ಟಿದರೆ ಮೇಸ್ತ್ರಿ. ಮುರುಗೇಶಣ್ಣ ನನ್ನ ದಾರದ ಒಂದು ತುಂಡನ್ನು ಅಡ್ಡ ಎಳೆ ಒಯ್ಯುವ ಲಾಳಿಯಲ್ಲಿಟ್ಟು ಮಗ್ಗ ಬಿಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಮಗ್ಗ ನಿಂತಿತು. ದಾರ ಚೂರುಚೂರು. ಅವರು ಎರಡೂ ಅಂಗೈ ಮೇಲೆತ್ತಿದರು. ಅದಕ್ಕೆ ಅರ್ಥ ಕೇಳಬೇಕಾಗಲಿಲ್ಲ.

ಹೊರಗೆ ಬಂದ ಮೇಲೆ ಕಿವಿಯಿಂದ ಹತ್ತಿ ತೆಗೆದು ಅಂದರು: "ಇದು ಕೂಸು ತಮ್ಮಾ. ಇದನ್ನ ಓಡೋ ರೈಲಿಗೆ ಹತ್ತಿಸಿದ್ರೆ? ನೆಗಮದಲ್ಲಿ ನಮ್ಮಕ್ಕ ಇದ್ದಾರೆ, ಕೈತರಿ. ಮೆಲ್ಲ ನೇಯ್ತಾರೆ. ಅಲ್ಲಿಗೋಗು. ಸೋರು ಚೆನ್ನಾಗಿಕ್ತಾರೆ, ಉಂಡೇ ಬಾ. ನಮ್ಮ ಬಾವ ಮಾತ್ರ ಸ್ವಲ್ಪ..." ಎಂದು ಕೈಯಲ್ಲೊಂದು ಸನ್ನೆ ಮಾಡಿದರು. ಆ ಸನ್ನೆ ನಾನು ಶೆಡ್ಡಿನೊಳಗೆ ಕಲಿತಿರಲಿಲ್ಲ. ಮಾರನೆಯ ದಿನ ಅರ್ಥವಾಯಿತು.

ನೆಗಮಂ, ಸಂಜೆ

ಮುರುಗೇಶಣ್ಣನ ಅಕ್ಕನ ಹೆಸರು ಸೌಡಮ್ಮ. ಅವರ ಯಜಮಾನರು ರಾಮಲಿಂಗಂ. ಮಗಳು ಕವಿತಾ, ಕಾಲೇಜು ಮುಗಿಸಿ ಮನೆಯ ಸೀರೆಗಳನ್ನು ಫೋನಿನಲ್ಲಿ ಮಾರುತ್ತಾಳೆ. ಮನೆಯ ನಡುವೆ ಮಗ್ಗ, ಮಗ್ಗದ ಸುತ್ತ ಉಳಿದ ಜಾಗದಲ್ಲಿ ಮನೆ.

"ಬಾಪ್ಪಾ, ಕುಂತ್ಕೊ. ಸೋರು ಉಂಡ್ಯಾ?" ಎಂದರು ಸೌಡಮ್ಮ. ಉಂಡೆ ಎಂದೆ. ನನ್ನ ಮುಖ ನೋಡಿ ತಟ್ಟೆ ಇಟ್ಟರು. ನಾನು ಊಟದ ನಡುವೆ, "ತಾವು ಎಷ್ಟು ಕಾಲದಿಂದ ನೇಯ್ಗೆಯಲ್ಲಿ ತೊಡಗಿದ್ದೀರಿ?" ಎಂದು ಕೇಳಿದೆ. ಹೊರದೇಶದಲ್ಲಿ ಶುದ್ಧವಾಗಿ ಮಾತಾಡಬೇಕಲ್ಲ.

ಕವಿತಾ ತಾಯಿಯ ಕಡೆ ತಿರುಗಿ, "ಅಮ್ಮಾ, ಟೀವಿ ನ್ಯೂಸ್ ಬಂದದೆ ನೋಡು" ಎಂದು ಬಾಯಿಗೆ ಸೆರಗು ಹಿಡಿದಳು. ಆಮೇಲೆ ಆ ಮನೆಯಲ್ಲಿ ನನ್ನ ಹೆಸರು ಪ್ರವೀಣ ಅಲ್ಲ, ನ್ಯೂಸ್.

ಮಗ್ಗದ ಮೇಲೆ ಅರಿಶಿನ ಬಣ್ಣದ ಸೀರೆ ಮುಗಿಯುವ ಹಂತದಲ್ಲಿತ್ತು. ಮದುವೆಗೆ ಹೋಗುವ ಸೀರೆ. ಮಾರನೆಯ ಮಧ್ಯಾಹ್ನ ಹುಡುಗಿಯ ಮನೆಯವರು ಬಂದು ಒಯ್ಯುವವರಿದ್ದರು. ರಾಮಲಿಂಗಂ ನನ್ನ ಡಬ್ಬಿಯೊಳಗೆ ಒಂದು ಸಲ ನೋಡಿ ಮುಚ್ಚಳ ಹಾಕಿದರು.

"ಮುಗೂರ್ತದ ಸೀರೆ ತರೀಲಿರುವಾಗ ಕರುಪ್ಪು ನೂಲು ಪಕ್ಕ ಬರಬಾರ್ದು. ನಾಳೆ ಸೀರೆ ಕೊಯ್ತೀನಿ. ಅಪ್ಪುರಂ ಪಾವು ಒಂದ್ ಗೇಣು ಮಿಕ್ಕುತ್ತೆ. ಅದ್ರಲ್ಲಿ ನಿಂದು."

ಕರುಪ್ಪು ಎಂದರೆ ಕಪ್ಪು. ಪಾವು ಎಂದರೆ ಹಾಸು, ಮಗ್ಗದ ಉದ್ದನೆಯ ಎಳೆಗಳು. ಸೀರೆ ಕತ್ತರಿಸಿದ ಮೇಲೆ ಉಳಿಯುವ ತುದಿಯಲ್ಲಿ ನನ್ನ ದಾರವನ್ನು ಅಡ್ಡ ಎಳೆಯಾಗಿ ಹಾಕಿಕೊಡುವುದು. ನ್ಯಾಯವೇ. ನನ್ನ ನ್ಯಾನೋಟ್ಯೂಬಿಗೆ ಮುಹೂರ್ತ ಬೇಕಿಲ್ಲ.

ಸೌಡಮ್ಮ ರಾಟೆ ಎಳೆದುಕೊಂಡು ನನ್ನ ದಾರವನ್ನು ಕಂಡಿಕೆಗೆ ಸುತ್ತತೊಡಗಿದರು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿ. ಅಮ್ಮನ ಮಾತು ನೆನಪಾಯಿತು. ಆದರೂ ಇಂಥ ಕೇಳುಗರು ಮತ್ತೆ ಸಿಕ್ಕುತ್ತಾರೆಯೇ? ಇಂಗಾಲದ ಆರು ಮೂಲೆಯ ಜೋಡಣೆ ಹೇಳಿದೆ. ಕೊಳವೆಗಳು ಒಂದನ್ನೊಂದು ಮುಟ್ಟಿದರೆ ಮಾತ್ರ ಕರೆಂಟ್ ದಾಟುವುದು ಹೇಳಿದೆ. ಪಾಲಿಮರ್ ಜಾಸ್ತಿಯಾದರೆ ಕರೆಂಟ್ ಕಡಿಮೆ, ಕಡಿಮೆಯಾದರೆ ದಾರ ಪುಡಿ, ಈ ಎರಡರ ನಡುವೆ ನಾನು ಹೇಗೆ ತಪಸ್ಸು ಮಾಡಿದೆ ಎಂಬುದನ್ನು ಗ್ರೈಂಡರ್, ಮಾವ, ಮಾವನ ಶುಕ್ರವಾರ ಸಮೇತ ಹೇಳಿದೆ. ಸೌಡಮ್ಮ ಅಲ್ಲಲ್ಲಿ "ಪಾವಂ", ಅಂದರೆ ಪಾಪ, ಎನ್ನುತ್ತಿದ್ದರು. ದಾರಕ್ಕೋ ನನಗೋ ಗೊತ್ತಾಗಲಿಲ್ಲ. ಕವಿತಾ ನಡುವೆಯೇ ಎದ್ದುಹೋಗಿ ಹಲ್ಲುಜ್ಜಿ ಬಂದು, "ಇನ್ನೂ ಮುಗೀಲಿಲ್ವಾ ನ್ಯೂಸು?" ಎಂದಳು.

ನೆಗಮಂ, ಬೆಳಿಗ್ಗೆ

ಎದ್ದು ಮುಖ ತೊಳೆಯಲು ಹಿತ್ತಲಿಗೆ ಹೋಗುವಾಗ ಮಗ್ಗದ ಪಕ್ಕದ ಬೋಗುಣಿ ಕಣ್ಣಿಗೆ ಬಿತ್ತು. ಅದರ ತುಂಬ ಮಸಿ. ಮಸಿಯೊಳಗೆ ಕಂಡಿಕೆಗಳು ಮುಳುಗಿದ್ದವು. ಒಂದು ಕ್ಷಣ, ಇವರೂ ನ್ಯಾನೋಟ್ಯೂಬ್ ಮಾಡುತ್ತಾರಾ ಎನಿಸಿತು. ಆಮೇಲೆ ಅರ್ಥವಾಯಿತು.

"ಅಕ್ಕಾ! ಇದನ್ಯಾಕೆ ನೀರಿಗೆ ಹಾಕಿದ್ರಿ?"

ಸೌಡಮ್ಮ ಒಲೆಯ ಹತ್ತಿರದಿಂದ ಬಂದರು. ಸ್ನಾನ ಯಾಕೆ ಮಾಡಿದಿರಿ ಎಂದು ಕೇಳಿದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ನೂಲು ನೆನೆಸ್ದೆ ಯಾರಾದ್ರೂ ನೇಯ್ತಾರಾ? ಒಣ ನೂಲು ಹೊಡೆದ್ರೆ ಕೂರುತ್ತಾ?"

ಹತ್ತಿಯ ಅಡ್ಡ ಎಳೆಯನ್ನು ಒದ್ದೆ ಮಾಡಿಯೇ ನೇಯುವುದು ಆ ಮನೆಯ ಪದ್ಧತಿ. ಒದ್ದೆ ಎಳೆ ಒತ್ತಾಗಿ ಕೂರುತ್ತದೆ, ಬಟ್ಟೆ ಬಿಗಿಯಾಗುತ್ತದೆ. ಕಂಡಿಕೆ ಸುತ್ತಿದರೆ ಮುಗಿಯಿತು, ಮುಂದಿನ ಕೆಲಸ ಬೋಗುಣಿ. ಅತಿಥಿಯ ನೂಲೆಂದು ನನ್ನದನ್ನು ಎಲ್ಲಕ್ಕಿಂತ ಮೊದಲೇ, ಎಲ್ಲಕ್ಕಿಂತ ಕೆಳಗೆ, ಚೆನ್ನಾಗಿ ನೆನೆಯಲೆಂದು ಇಟ್ಟಿದ್ದರು.

"ಅಕ್ಕಾ, ಇದು ನೀರಲ್ಲಿ ಕರಗುತ್ತೆ."

ಸಂಜೆ ನಾನು ಹೇಳಿದ್ದೆಲ್ಲವೂ ನಿಜ. ಇದೊಂದನ್ನು ಹೇಳಿರಲಿಲ್ಲ. ಗ್ರೈಂಡರಿನಿಂದ ತೆಗೆದು ಒಣಗಿಸಿದ ಮೇಲೆ ಆ ದಾರಕ್ಕೆ ನಾನು ಒಂದು ಹನಿ ನೀರು ತೋರಿಸಿದವನಲ್ಲ. ಹಾಗಾಗಿ ನೀರು ಎಂಬ ವಿಷಯವೇ ನನ್ನ ತಲೆಯಲ್ಲಿರಲಿಲ್ಲ.

ಕವಿತಾ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನೀರಲ್ಲಿ ಕರಗೋ ನೂಲಲ್ಲಿ ಬನಿಯನ್ನಾ? ಬೆವರು ಬಂದ್ರೆ ಏನ್ ಮಾಡ್ತೀರಿ ನ್ಯೂಸ್?"

ಆಗಲೇ ರಾಮಲಿಂಗಂ ಬಂದು ಬೋಗುಣಿಗೆ ಕೈ ಹಾಕಿದರು. ಅವರು ತೆಗೆದದ್ದು ನನ್ನ ಕಂಡಿಕೆಯಲ್ಲ, ಅವರದು. ಮದುವೆ ಸೀರೆಯ ಕೊನೆಯ ಭಾಗಕ್ಕೆ ಇಟ್ಟಿದ್ದ ಅರಿಶಿನ ನೂಲು. ಅದೀಗ ಬೂದಿಯ ಬಣ್ಣ. ಎಲ್ಲವೂ ಬೂದಿ. ಅವರು ಬೈಯಲಿಲ್ಲ. ಬೈದಿದ್ದರೆ ದಾವಣಗೆರೆಯವನಾದ ನಾನು ಸುಧಾರಿಸಿಕೊಳ್ಳುತ್ತಿದ್ದೆ. ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, "ಬಾ" ಎಂದರು.

ಅದೇ ಸಲ ಬಣ್ಣ ಹಾಕಿದ ನೂಲು ಬೇಕು. ಬೇರೆ ಸಲದ್ದಾದರೆ ಸೀರೆಯಲ್ಲಿ ಪಟ್ಟೆ ಕಾಣುತ್ತದೆ. ಜೊತೆಗೆ ಬಣ್ಣ ಹಾಕಿಸಿದ ಮನೆಗಳಲ್ಲಿ ಮಿಕ್ಕಿದ್ದರೆ ಉಂಟು. ಮನೆಮನೆಗೆ ಹೋದೆವು. ಪ್ರತಿ ಬಾಗಿಲಲ್ಲೂ ಅವರು ನನ್ನ ಕಡೆ ಗಲ್ಲ ಎತ್ತಿ ಒಂದೇ ಮಾತು ಹೇಳಿದರು: "ನಮ್ಮನೆಗೆ ವಿಜ್ಞಾನಿ ಬಂದವ್ನೆ. ಅರಿಶಿನ ನೂಲು ಇದ್ಯಾ?"

ಜನ ಹೊರಗೆ ಬಂದು ನೋಡಿದರು. ಒಬ್ಬ ಅಜ್ಜಿ, "ಪಾರ್ಕ ಚಿನ್ನ ಪೈಯನ್" ಎಂದರು, ನೋಡೋಕೆ ಚಿಕ್ಕ ಹುಡುಗ ಎಂದು. ಇನ್ನೊಬ್ಬರು ನನಗೆ ಕಾಫಿ ಕೊಟ್ಟು, ಅವರ ಮನೆಯ ಮಿಕ್ಸಿ ಸದ್ದು ಮಾಡುತ್ತದೆ, ಸ್ವಲ್ಪ ನೋಡಿ ಎಂದರು. ನೋಡಿದೆ, ಸರಿಮಾಡಿದೆ. ಆ ದಿನ ನಾನು ಕೆಡಿಸದೆ ಮುಟ್ಟಿದ ವಸ್ತು ಅದೊಂದೇ. ಅದೇ ಮನೆಯಲ್ಲಿ ಅರಿಶಿನ ನೂಲೂ ಸಿಕ್ಕಿತು. ರಾಮಲಿಂಗಂ ಅದನ್ನು ಬಿಸಿಲಿಗೆ ಹಿಡಿದು, ತಮ್ಮ ಹಳೆಯ ತುಂಡಿನ ಪಕ್ಕ ಇಟ್ಟು ನೋಡಿ, ಜೇಬಿಗೆ ಹಾಕಿದರು. ದಾರಿಯಲ್ಲಿ ಬರುವಾಗ, ಆ "ಬಾ" ಆದಮೇಲೆ ಮೊದಲ ಸಲ ನನ್ನ ಹತ್ತಿರ ಮಾತಾಡಿದರು.

"ನಿನ್ನ ಮಾವನಿಗೆ ತಾಳ್ಮೆ ಜಾಸ್ತಿ ಅನ್ಸುತ್ತೆ."

ಮಧ್ಯಾಹ್ನದೊಳಗೆ ಸೀರೆ ಮುಗಿಯಿತು, ಕೊಯ್ದರು, ಹುಡುಗಿಯ ಮನೆಯವರು ಬಂದು ಕಣ್ಣಿಗೊತ್ತಿಕೊಂಡು ಒಯ್ದರು. ಅವರು ಇರುವಷ್ಟು ಹೊತ್ತು ನನ್ನನ್ನು, ಬೋಗುಣಿಯನ್ನು ಹಿತ್ತಲಲ್ಲಿ ಇಟ್ಟಿದ್ದರು.

ಸೌಡಮ್ಮ ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲ. "ನನ್ನ ಕೈಯಿಂದ ನಿನ್ನ ಬಾಳು ಕೆಟ್ಟೋತಲ್ಲಪ್ಪಾ" ಎಂದು ಆಗಾಗ ಅನ್ನುತ್ತಿದ್ದರು. ಇಲ್ಲ ಅಕ್ಕಾ, ತಪ್ಪು ನಂದೂ ಇದೆ ಎಂದೆ. "ನಿಂದೂ ಅಲ್ಲ, ನಿಂದೇ" ಎಂದಳು ಕವಿತಾ. ಅವಳೇ ನನ್ನ ಕಂಡಿಕೆಯನ್ನು ಎತ್ತಿ ತಿರುಗಿಸಿ ನೋಡಿದ್ದು. ಹೊರಗಿನ ಸುತ್ತುಗಳು ಲೋಳೆಯಾಗಿ ಹೋಗಿದ್ದವು. ಒಳಗಿನವು ಊದಿಕೊಂಡಿದ್ದವು, ಕರಗಿರಲಿಲ್ಲ.

ತಾಯಿ ಮಗಳು ಉಗುರಲ್ಲಿ ಒಂದೊಂದೇ ಎಳೆ ಬಿಡಿಸಿದರು. ಲಾಳಿಗೆ ಹಾಕುವ ಸ್ಥಿತಿ ಇರಲಿಲ್ಲ. ಸೌಡಮ್ಮ ಉಳಿದ ಹಾಸಿನಲ್ಲಿ ಎಳೆಗಳನ್ನು ಕೈಯಲ್ಲೇ ದಾಟಿಸಿ, ಮೆಲ್ಲ ಒತ್ತಿದರು. ನಿನ್ನೆ ಪವರ್‌ಲೂಮಿನಲ್ಲಿ ಪಟ್ಟನೆ ಮುರಿದಿದ್ದ ದಾರ ಈಗ ಒದ್ದೆಯಾಗಿ ಮೆತ್ತಗಾಗಿ ಹೇಳಿದ ಕಡೆ ಬಾಗುತ್ತಿತ್ತು. ಅಂಗೈಯಷ್ಟು ಬಟ್ಟೆಯಾಯಿತು. ಫ್ಯಾನಿನ ಕೆಳಗೆ ಒಣಗಿಸಿದೆವು. ಒಣಗಿದಂತೆ ಕರಿ ಎಳೆ ಬಿಗಿದು ಹತ್ತಿಯನ್ನು ಕಚ್ಚಿಕೊಂಡಿತು. ಸೆಲ್ಲು ಜೋಡಿಸಿದೆ. ಕೆಂಪು ದೀಪ, ಮಂಕಾಗಿ, ಹೊತ್ತಿತು.

ರಾಮಲಿಂಗಂ ಬಗ್ಗಿ ನೋಡಿದರು. "ಇಷ್ಟೇನಾ?" ಎಂದರು.

ಇಷ್ಟೇ.

ತಿರುಪ್ಪೂರು

ಗುರುವಾರ. ಬಸ್ಸಿನಲ್ಲಿ ಬಟ್ಟೆಯ ತುಂಡನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದೆ. ಪಕ್ಕದವರು ನೀರಿನ ಬಾಟಲಿ ತೆಗೆದರೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದೆ. ತಿರುಪ್ಪೂರಿನಲ್ಲಿ ಎಲ್ಲರೂ ಅವಸರದಲ್ಲಿರುತ್ತಾರೆ. ಬೈಕಿನ ಹಿಂದೆ ಬನಿಯನ್ ಮೂಟೆ, ಮೂಟೆಯ ಹಿಂದೆ ಮನುಷ್ಯ. ನಮ್ಮೂರಲ್ಲಿ ಬೆಣ್ಣೆದೋಸೆಯ ಮುಂದೆ ಅರ್ಧ ದಿನ ಕೂರುವ ನಾನು ಅಲ್ಲಿ ದಾರಿ ಕೇಳಿದರೆ, ಜನ ನಡೆಯುತ್ತಲೇ ಉತ್ತರ ಕೊಟ್ಟು ಮುಂದೆ ಹೋಗುತ್ತಿದ್ದರು. ಪೂರ್ತಿ ಉತ್ತರ ಬೇಕಾದರೆ ಅವರ ಹಿಂದೆ ಓಡಬೇಕು.

ಬಸ್ಸಿನಲ್ಲಿ ಒಂದು ಪ್ರತಿಜ್ಞೆ ಮಾಡಿದ್ದೆ: ದೀಪ ತೋರಿಸುವುದು, ಕೈ ಕುಲುಕುವುದು, ಮಿಷಿನ್ ಕೇಳುವುದು. ನೀರಿನ ಸುದ್ದಿ ಎತ್ತುವುದಿಲ್ಲ. ಒಮ್ಮೆ ಮಿಷಿನ್ ಸಿಕ್ಕಿದ ಮೇಲೆ ಉಳಿದದ್ದನ್ನು ನೋಡಿಕೊಂಡರಾಯಿತು.

ಪಳನಿಯಮ್ಮ ನಮ್ಮ ಮಾವನ ವಯಸ್ಸಿನವರು. ಮೇಜಿನ ಮೇಲೆ ಬನಿಯನ್ ತುಂಡುಗಳ ಬೆಟ್ಟ, ಅದರ ಹಿಂದೆ ಕನ್ನಡಕ. ನಾನು ಬಟ್ಟೆ ಬಿಚ್ಚಿ ಸೆಲ್ಲು ಜೋಡಿಸಿದೆ. ದೀಪ ಹೊತ್ತಿತು. ಅವರು ಕನ್ನಡಕ ತೆಗೆದು, ಮತ್ತೆ ಹಾಕಿ, ಬಟ್ಟೆಯನ್ನು ಮಡಿಸಿದರು. ದೀಪ ಆರಲಿಲ್ಲ. ಎಳೆದರು. ಆರಲಿಲ್ಲ.

"ಪರವಾಗಿಲ್ಲ ಕಣ್ಣು. ಕೈತರೀಲಿ ನೇಯ್ಸಿದ್ಯಾ? ನೆಗಮದವರಾ? ಬಿಗಿ ನೋಡಿದ್ರೆ ಗೊತ್ತಾಗುತ್ತೆ." ನನ್ನ ಎದೆ ಬನಿಯನ್ ಇಲ್ಲದೆಯೇ ಅಳೆಯುವಷ್ಟು ಬಡಿಯುತ್ತಿತ್ತು. ಅವರು ಬೆಲ್ ಒತ್ತಿ, ಬಂದ ಹೆಂಗಸಿಗೆ ಬಟ್ಟೆ ಕೊಟ್ಟು, ಕಾಫಿ ತರಿಸುವಷ್ಟು ಸಹಜವಾಗಿ ಹೇಳಿದರು: "ವಾಷ್‌ಗೆ ಕೊಡು."

ಆ ಊರಿನಲ್ಲಿ ಬಟ್ಟೆ ಎಂದು ಬಂದದ್ದೆಲ್ಲ ಮೊದಲು ತೊಳೆಯುವ ಕೋಣೆಗೆ ಹೋಗುತ್ತದೆ. ಬಣ್ಣ ಬಿಡುತ್ತದಾ, ಕುಗ್ಗುತ್ತದಾ, ತಿರುಚಿಕೊಳ್ಳುತ್ತದಾ. ಆಮೇಲೆ ಬೆಲೆಯ ಮಾತು. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಕವಿತಾ ಬೆವರಿನ ಪ್ರಶ್ನೆ ಕೇಳಿದಾಗಿನಿಂದ ಗೊತ್ತಿತ್ತು. ಗೊತ್ತಿಲ್ಲದಂತೆ ಇರಲು ನೋಡುತ್ತಿದ್ದೆ.

"ಅಕ್ಕಾ, ಬೇಡಿ."

"ಯಾಕೆ?"

"ಕರಗುತ್ತೆ."

ಪಳನಿಯಮ್ಮ ನನ್ನನ್ನೇ ನೋಡಿದರು. "ಇದನ್ನ ಫೋನಲ್ಲೇ ಏಳಬೋದಿತ್ತಲ್ಲಾ?"

"ನೀವು ಕೇಳಲಿಲ್ಲ."

"ಬನಿಯನ್ ಮಾಡೋಳ ಅತ್ರ ನೂಲು ತಂದಿದ್ದೀಯ. ಒಗೀಬೋದಾ ಅಂತ ನಾನು ಕೇಳಬೇಕಾ? ಒಗಿಯೋಕಾಗ್ದೇ ಇದ್ರೆ ಅದು ಬನಿಯನ್ ಅಲ್ಲ ಕಣ್ಣು, ಫೋಟೋ."

ಆಮೇಲೆ ಅವರು ಮಾಡಿದ್ದು ಸ್ವಲ್ಪ ಜಾಸ್ತಿ ಎಂದು ನನಗೆ ಈಗಲೂ ಅನಿಸುತ್ತದೆ. ಒಂದು ಬೋಗುಣಿಯಲ್ಲಿ ಬಿಸಿನೀರು, ಸೋಪಿನ ಪುಡಿ ತರಿಸಿ, "ನೀನೇ ಆಕು" ಎಂದರು. ಹಾಕಿದೆ. ನಾವಿಬ್ಬರೂ ಬಗ್ಗಿ ನೋಡಿದೆವು. ಕರಿ ಎಳೆಗಳಿಂದ ಹೊಗೆಯಂಥದ್ದು ಎದ್ದು ನೀರು ತುಂಬಿತು. ತೆಗೆದಾಗ ಕೈಯಲ್ಲಿ ಉಳಿದದ್ದು ಒಳ್ಳೆಯ ನೆಗಮಂ ಹತ್ತಿ, ಅಲ್ಲಲ್ಲಿ ಕೊಳೆಯಾದದ್ದು.

ಮಾವನ ಶುಕ್ರವಾರ ಕಣ್ಣ ಮುಂದೆ ಬಂತು. ಬ್ಯಾಗ್ ಎತ್ತಿಕೊಂಡೆ.

"ಎಲ್ಲಿಗೋಗ್ತೀಯ?"

"ಊರಿಗೆ."

"ಕೂರು. ಕರಗುತ್ತೆ ಅಂತ ಬಾಯಿ ಬಿಟ್ಟು ಏಳ್ದೋನು ನೀನೊಬ್ನೇ. ನಂಗೆ ಸ್ಯಾಂಪಲ್ ತರೋರೆಲ್ಲ ವಾಷ್ ಅಂದ್ರೆ ಬಾತ್‌ರೂಮಿಗೋಗಿ ಬರ್ತೀನಿ ಅಂತ ಎದ್ದೋಗ್ತಾರೆ, ಬರಲ್ಲ." ಬಾಗಿಲ ಕಡೆ ಕೈ ತೋರಿಸಿದರು. "ಮಿಷಿನ್ ಇರೋದು ಮೇಲೆ. ಕೆಳಗೆ ವಾಷ್ ರೂಮು. ಅಲ್ಲಿ ಒಬ್ರು ಬೇಕು. ಒಗೀತಾ ಇರು. ಒಗ್ದದ್ದನ್ನ ನೋಡ್ತಾ ಇರು. ನಿನ್ನ ನೂಲು ಒಗತ ತಡೀತಾ, ಆ ದಿನ ಮೇಲೆ ಬಾ."

ಮಾವನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಬಟ್ಟೆ ಒಗಿಯಾಕ ವಿದೇಶಕ್ಕೆ ಹೋದ್ಯೇನ್ಲೇ?" ಎಂದರು. ಬೇಡ ಎನ್ನಲಿಲ್ಲ.

ತಿರುಪ್ಪೂರು, ಕೆಳಗಿನ ಕೋಣೆ

ಪ್ರವಾಸ ಹೋದವರು ಮನೆಗೆ ಬಂದು ಬರೆಯುತ್ತಾರೆ. ನಾನು ಬಂದಿಲ್ಲ. ಇದನ್ನು ತೊಳೆಯುವ ಕೋಣೆಯಲ್ಲಿ, ತಿರುಗುವ ಡ್ರಮ್ಮುಗಳ ನಡುವೆ ಫೋನಿನಲ್ಲಿ ಒತ್ತುತ್ತಿದ್ದೇನೆ. ಕೈಯ ಚರ್ಮ ಅಮ್ಮನ ಕೈಯ ಹಾಗಾಗಿದೆ. ಎಷ್ಟೋ ಬಗೆಯ ಬನಿಯನ್ ಒಗೆದಿದ್ದೇನೆ. ಒಂದು ವಿಷಯ ಕಣ್ಣಿಗೆ ಬಿತ್ತು. ಏನೇ ಒಗೆದರೂ, ಎಷ್ಟೇ ಒಗೆದರೂ, ಹಿಗ್ಗುವ ಬನಿಯನ್ನಿನ ರಬ್ಬರಿನಂಥ ಎಳೆಗೆ ನೀರು ಏನೂ ಮಾಡುವುದಿಲ್ಲ. ಅದು ಪಾಲಿಯುರೆಥೇನ್, ಬೇರೆ ಜಾತಿಯ ಪಾಲಿಮರ್. ಅದನ್ನು ಕರಗಿಸುವ ದ್ರವ ಕೆಟ್ಟದ್ದು, ಗ್ರೈಂಡರಿನಲ್ಲಿ ಆಡುವಂಥದ್ದಲ್ಲ. ಕಂಪನಿಯ ಕೆಮಿಸ್ಟ್ ಹೊಗೆ ಎಳೆಯುವ ಗೂಡಿನೊಳಗೆ, ನನ್ನನ್ನು ಗಾಜಿನ ಆಚೆ ನಿಲ್ಲಿಸಿ, ಅದರಲ್ಲಿ ನನ್ನ ಕರಿ ಪುಡಿ ಕಲಸಿಕೊಟ್ಟರು. ಸಿರಿಂಜಿನಿಂದ ಈ ಸಲ ಬಿಟ್ಟದ್ದು ನೀರಿಗೇ. ಅದು ನೀರಿನಲ್ಲೇ ಹುಟ್ಟುವ ದಾರ. ಎಳೆದರೆ ಹಿಗ್ಗುತ್ತದೆ. ಬಸ್ಸಿನಲ್ಲಿ ನೆಗಮಕ್ಕೆ ಒಯ್ದೆ. ಸೌಡಮ್ಮ ಮುಟ್ಟುವ ಮೊದಲು ಕೇಳಿದರು: "ನೆನೆಸಲಾ, ಬೇಡ್ವಾ? ಬಾಯಿ ಬಿಟ್ಟು ಏಳು." ನೆನೆಸಿ ಅಕ್ಕಾ ಎಂದೆ. ನೇಯ್ದುಕೊಟ್ಟರು.

ಇವತ್ತು ಬೆಳಿಗ್ಗೆ ಅದನ್ನು ಡ್ರಮ್ಮಿಗೆ ಹಾಕಿದೆ. ನಿಂತ ಮೇಲೆ ತೆಗೆದು, ಹಿಂಡಿ, ಒಣಗಿಸಿ, ಸೆಲ್ಲು ಜೋಡಿಸಿದೆ. ದೀಪ ಹೊತ್ತಿತು. ಮಂಕೇ, ಆದರೆ ಹೊತ್ತಿತು. ಮೆಟ್ಟಿಲನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಪಳನಿಯಮ್ಮ ಯಾರ ಹತ್ತಿರವೋ ಫೋನಿನಲ್ಲಿ ಜಗಳವಾಡುತ್ತಿದ್ದರು, ಮರ್ಯಾದೆಯಿಂದ. ನಾನು ಬಟ್ಟೆಯನ್ನು ಅವರ ಮುಖದ ಮುಂದೆ ಹಿಡಿದೆ. ಫೋನಿಗೆ ಕೈ ಮುಚ್ಚಿ, ದೀಪ ನೋಡಿದರು. ನನ್ನನ್ನು ನೋಡಿದರು.

"ಒಂದೇ ಒಗತಾನಾ?"

"ಹೂಂ ಅಕ್ಕಾ."

"ಬನಿಯನ್ನ ಜನ ದಿನಾ ಒಗೀತಾರೆ ಕಣ್ಣು. ಓಗು, ಇನ್ನೊಂದ್ ಸಲ ಆಕು."

ಹಾಕಿದ್ದೇನೆ. ತಿರುಗುತ್ತಿದೆ.